ಪಾರ್ಲೆಯಲ್ಲಿ ಇಳಿಯದ ಅಕ್ಕೋರು

ನಮ್ಮ ಅಕ್ಕೋರಿಗೆ ಸಿಟ್ಟು ಬರಿಸಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಅವರ ಎದುರು ಯಾರ ಬಗ್ಗೆಯಾದರೂ ‘ಪಾಪ’ ಅಂದರೆ ಸಾಕಿತ್ತು. ಮುಂಬೈ ಲೋಕಲ್ ಗಾಡಿಯ ಹೆಂಗಸರ ಡಬ್ಬಿಯ ಆ ಗದ್ದಲದಲ್ಲಿ, ಎರಡು ಬೆಂಚು ಆಚೆ ಯಾರೋ ಅಂದದ್ದೂ ಅವರ ಕಿವಿಗೆ ಬೀಳುತ್ತಿತ್ತು. ಕೂಡಲೇ ತಿರುಗಿ ಹೇಳುತ್ತಿದ್ದರು: “ಪಾಪ ಅನಬ್ಯಾಡ್ರಿ. ಪಾಪ ಅಂದ್ರ ಮಾತ ಮುಗೀತು. ಆಕಿಗೆ ಏನ ಬೇಕಾಗಿತ್ತು, ಅದನ್ನ ಹೇಳ್ರಿ.”

ಹೋದ ತಿಂಗಳು ಅಕ್ಕೋರು ತೀರಿಕೊಂಡರು. ಫೋನಿನಲ್ಲಿ ಸುದ್ದಿ ಕೇಳಿದಾಗ ನನ್ನ ಬಾಯಿಂದ ಮೊದಲು ಹೊರಟದ್ದು ಅದೇ ಮಾತು. ಹೊರಟ ಮೇಲೆ ನಾಲಿಗೆ ಕಚ್ಚಿಕೊಂಡೆ. ಸತ್ತವರು ತಿರುಗಿ ನೋಡುವುದಿಲ್ಲ ಅಂತ ಗೊತ್ತು, ಆದರೆ ಇವರ ವಿಷಯದಲ್ಲಿ ನನಗೆ ಅಷ್ಟು ಖಾತ್ರಿ ಇಲ್ಲ.

ನಮ್ಮ ವಿಜಯಪುರ, ಗದಗದ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಇವರು ಕಲಿಸುತ್ತಿದ್ದದ್ದು ಶಾಲೆಯಲ್ಲಲ್ಲ, ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ, ಅದೂ ಇಂಗ್ಲಿಷು. ಅಲ್ಲಿ ಎಲ್ಲರಿಗೂ ಅವರು ಮ್ಯಾಡಮ್. ಆದರೆ ನಮ್ಮ ಗುಂಪಿನ ಕಸ್ತೂರಿ ಮಾವಶಿ ಮೊದಲ ದಿನವೇ “ಅಕ್ಕೋರ್ರಿ, ಸ್ವಲ್ಪ ಸರೀರಿ” ಅಂದುಬಿಟ್ಟಳು. ಅವತ್ತಿನಿಂದ ಅವರು ನಮಗೆಲ್ಲ ಅಕ್ಕೋರು. ಹೆಸರು ಗೊತ್ತಿದ್ದೂ ಯಾರೂ ಹೆಸರು ಹಿಡಿಯಲಿಲ್ಲ, ಈಗ ನಾನೂ ಹಿಡಿಯುವುದಿಲ್ಲ.

ಎತ್ತರದ ಆಳು. ಇಳಕಲ್ಲಿನ ಹತ್ತಿ ಸೀರೆ, ಸೆರಗಿಗೆ ಬಿಗಿಯಾದ ಒಂದು ಪಿನ್ನು, ಬೇಸಿಗೆಯಲ್ಲೂ ಕೈಯಲ್ಲಿ ಕೊಡೆ. ಆ ಕೊಡೆ ಮಳೆಗಲ್ಲ, ಹೆಂಗಸರ ಡಬ್ಬಿಗೆ ಗೊತ್ತಿಲ್ಲದವರಂತೆ ಹತ್ತುವ ಗಂಡಸರಿಗೆ. ಹೊಡೆದದ್ದನ್ನು ನಾನು ನೋಡಿಲ್ಲ. ಕೊಡೆಯ ತುದಿಯನ್ನು ನೆಲಕ್ಕೆ ಊರಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಪ್ರಶ್ನೆ ಕೇಳಲು ಶುರು ಮಾಡಿದರೆ ಅಂಧೇರಿ ಬರುವುದರೊಳಗೆ ಆ ಮನುಷ್ಯ ಬಾಗಿಲಲ್ಲಿ ಜೋತಾಡುತ್ತಿದ್ದ.

ನಾವು ನಾಲ್ವರು ಗ್ರಾಂಟ್ ರೋಡಿನ ತನಕ ಹೋಗುವವರು. ಕಸ್ತೂರಿ ಮಾವಶಿ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಆಯಾ. ಶಾಹಿದಾ ಆಪಾ ಕಲಬುರಗಿಯವಳು, ಬ್ಲೌಸ್ ಹೊಲಿಯುವ ಅಂಗಡಿಯಲ್ಲಿ ಕಟಿಂಗ್ ಮಾಡುತ್ತಿದ್ದಳು. ಜಲಜಕ್ಕ ಉಡುಪಿ ಕಡೆಯವಳು, ಒಂದು ಆಫೀಸಿನಲ್ಲಿ ಕ್ಲಾರ್ಕು. ನಾನು ಸೀರೆಗೆ ಬ್ಲೌಸ್ ಬಟ್ಟೆ ಹೊಂದಿಸಿ ಕೊಡುವ ಮ್ಯಾಚಿಂಗ್ ಸೆಂಟರಿನಲ್ಲಿ ಕೌಂಟರಿನ ಹಿಂದೆ ನಿಲ್ಲುವವಳು. ಮಾವಶಿ ಮಾಲಾಡಿನಲ್ಲಿ ಹತ್ತುವಾಗಲೇ ಕರ್ಚೀಫು ಹಾಕಿ ಜಾಗ ಹಿಡಿಯುತ್ತಿದ್ದಳು. ಅಕ್ಕೋರು ನನ್ನ ಜೊತೆ ಜೋಗೇಶ್ವರಿಯಲ್ಲಿ ಹತ್ತಿದರೂ ಒಂದು ದಿನ ಕೂತವರಲ್ಲ. ಪಾರ್ಲೆಗೆ ಇಳಿಯುವವಳಿಗೆ ಸೀಟು ಯಾಕೆ ಅನ್ನುತ್ತಿದ್ದರು. ಮೇಲಿನ ಹಿಡಿಕೆ ಹಿಡಿದು ನಮ್ಮೆದುರು ನಿಂತೇ ಇರುತ್ತಿದ್ದರು, ತರಗತಿಯಲ್ಲಿ ನಿಂತ ಹಾಗೆ.

ಅವರ ಕೈಯಲ್ಲಿ ಕಂದು ಕಾಗದ ಹೊದಿಸಿದ ಒಂದು ದಪ್ಪ ಪುಸ್ತಕ ಇರುತ್ತಿತ್ತು. ದಿನಾ ಅದೇ ಪುಸ್ತಕ. ಮಾವಶಿ ಅದನ್ನು ಪೋಥಿ ಅಂದುಕೊಂಡಳು. ಶ್ರಾವಣದಲ್ಲಿ ದಿನಕ್ಕೊಂದು ಅಧ್ಯಾಯ ಓದುತ್ತಾರಲ್ಲ, ಅಂಥದ್ದು. ಒಂದು ದಿನ ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡು, ಯಾವ ದೇವರದು ಅಂತ ಕೇಳಿದಳು. ದೇವರದಲ್ಲ, ಇಂಗ್ಲೆಂಡಿನ ಒಂದು ಬಡ ಹುಡುಗಿಯ ಕಥೆ, ಕಾದಂಬರಿ, ಕಾಲೇಜಿನಲ್ಲಿ ಪ್ರತಿ ವರ್ಷ ಕಲಿಸಬೇಕು ಅಂತ ಅಕ್ಕೋರು ಹೇಳಿದರು. ಪ್ರತಿ ವರ್ಷ ಓದುತ್ತೀರೆಂದರೆ ಅದು ಪೋಥಿಯೇ, ಒಬ್ಬರೇ ಓದಿಕೊಂಡರೆ ಪುಣ್ಯವಿಲ್ಲ, ನಮಗೂ ಹೇಳಬೇಕು ಅಂತ ಮಾವಶಿ ಹಟ ಹಿಡಿದಳು.

ಹಾಗೆ ಶುರುವಾಯಿತು. ಜೋಗೇಶ್ವರಿಯಿಂದ ಪಾರ್ಲೆಗೆ ನಡುವೆ ಇರುವುದು ಒಂದೇ ಅಂಧೇರಿ. ಅಷ್ಟರಲ್ಲಿ ಎಷ್ಟು ಹೇಳಲಾಗುತ್ತದೋ ಅಷ್ಟು ಹೇಳಿ ಅಕ್ಕೋರು ಇಳಿದುಬಿಡುತ್ತಿದ್ದರು. ಮಾವಶಿ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಸರಿಸಿ, ಸೆರಗು ಹೊದ್ದು ಕೇಳುತ್ತಿದ್ದಳು. ಆಪಾ ನಗುತ್ತಿದ್ದಳು, ಆದರೆ ಕ್ರಮೇಣ ಅವಳ ಕಾಲೂ ಚಪ್ಪಲಿಯಿಂದ ಹೊರಗೆ ಬಂತು. ಇಂಗ್ಲಿಷು ಹೆಸರುಗಳು ನಮ್ಮ ಬಾಯಲ್ಲಿ ನಿಲ್ಲುವುದಿಲ್ಲ ಅಂತ ಅಕ್ಕೋರು ನಾಯಕಿಯನ್ನು ‘ನಮ್ಮ ಹುಡುಗಿ’ ಅಂದರು. ಅವಳ ಬಾಳು ಕೆಡಿಸಿದವನು ‘ಸಾವ್ಕಾರನ ಮಗ’. ಆಮೇಲೆ ಅವಳನ್ನು ಪ್ರೀತಿಸಿ ಮದುವೆಯಾದವನು, ಓದಿದವನು, ದೊಡ್ಡ ದೊಡ್ಡ ವಿಚಾರದವನು, ‘ಆ ಶಾಣ್ಯಾ’.

ಪಾರ್ಲೆಯಲ್ಲಿ ಅವರು ಇಳಿದ ಮೇಲೆ ಗ್ರಾಂಟ್ ರೋಡಿನವರೆಗೆ ನಮ್ಮದು ಪಂಚಾಯಿತಿ. ಹುಡುಗಿ ಸಾವ್ಕಾರನ ಮನೆಗೆ ಕೆಲಸಕ್ಕೆ ಹೋದದ್ದು ತಪ್ಪೋ, ಕಳಿಸಿದ ತಾಯಿಯದು ತಪ್ಪೋ? ಬಾಂದ್ರಾದಲ್ಲಿ ಒಂದು ತೀರ್ಪು, ದಾದರಿನಲ್ಲಿ ಇನ್ನೊಂದು. ಮರುದಿನ ಅಕ್ಕೋರು ಹತ್ತಿದ ಕೂಡಲೇ ಕಥೆ ಮುಂದುವರಿಸುತ್ತಿರಲಿಲ್ಲ. ನಿನ್ನೆ ಏನು ತೀರ್ಮಾನವಾಯಿತು ಅಂತ ಮೊದಲು ಕೇಳುತ್ತಿದ್ದರು. ನಾವು ಹೇಳಿದ್ದನ್ನು ತಲೆ ಬಗ್ಗಿಸಿ ಕೇಳಿ, “ಸರಿ, ಈಗ ಪುಸ್ತಕದಾಗ ಏನಾತು ನೋಡೂಣು” ಅನ್ನುತ್ತಿದ್ದರು.

ಪುಸ್ತಕದಲ್ಲಿ ಇದ್ದದ್ದು ಮಾತ್ರ. ಆ ವಿಷಯದಲ್ಲಿ ಅವರು ಕಲ್ಲು. ಸಾವ್ಕಾರನ ಮಗನಿಂದ ನಮ್ಮ ಹುಡುಗಿಗೆ ಹುಟ್ಟಿದ ಕೂಸು ಸಾಯುವ ಭಾಗ ಬಂದಾಗ ಮಾವಶಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅದೊಂದನ್ನು ಬದುಕಿಸಿಬಿಡ್ರಿ, ಯಾರಿಗೆ ಗೊತ್ತಾಗುತ್ತದೆ ಅಂತ ಅಂಗಲಾಚಿದಳು. ಅಕ್ಕೋರ ಕಣ್ಣೂ ಒದ್ದೆಯಾಗಿತ್ತು, ದನಿ ಮಾತ್ರ ಅಲುಗಲಿಲ್ಲ. “ಪುಸ್ತಕದಾಗ ಸತ್ತದ ಮಾವಶಿ. ಬರದಾಂವ ಬರದಾನ. ನನ್ನ ಕಿಸೆದಿಂದ ತಗದು ಹಾಕಾಕ ನನಗ ಬರೂದಿಲ್ಲ.” ಅವತ್ತು ಮಾವಶಿ ಅವರ ಜೊತೆ ಮುನಿಸಿಕೊಂಡು, ಪಾರ್ಲೆಯಲ್ಲಿ ಇಳಿಯುವಾಗ ಕೈ ಸಹ ಮಾಡಲಿಲ್ಲ.

ಅವರ ಸ್ವಂತ ಬಾಳಿನ ಬಗ್ಗೆ ನಮಗೆ ಹೆಚ್ಚು ಗೊತ್ತಾಗಲಿಲ್ಲ. ಜೋಗೇಶ್ವರಿಯ ಒಂದು ಬಿಲ್ಡಿಂಗಿನಲ್ಲಿ ಒಬ್ಬರೇ ಇದ್ದರು. ಕೊರಳಲ್ಲಿ ತಾಳಿ ಇರಲಿಲ್ಲ, ಹಣೆಯಲ್ಲಿ ದೊಡ್ಡ ಕುಂಕುಮ ಇತ್ತು. ಇದೆರಡನ್ನೂ ಒಟ್ಟಿಗೆ ನೋಡಿ ಜಲಜಕ್ಕನಿಗೆ ನಿದ್ದೆ ಬರುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು. “ನನ್ನ ಕಥಿ ಸಿಲೆಬಸ್ಸಿನಾಗ ಇಲ್ಲ” ಅಂದರು ಅಕ್ಕೋರು. ಅಷ್ಟೇ. ಆಮೇಲೆ ಟಿಫಿನ್ನಿನಿಂದ ಅಗಸೆ ಚಟ್ನಿ ಹಚ್ಚಿದ ರೊಟ್ಟಿಯ ಒಂದು ತುಂಡು ಮುರಿದು ಜಲಜಕ್ಕನ ಕೈಯಲ್ಲಿಟ್ಟರು.

ನನ್ನ ಕಥೆಯೂ ಯಾವ ಸಿಲೆಬಸ್ಸಿನಲ್ಲೂ ಇರಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಅಕ್ಕೋರು ಏನೆಂಬುದು ತಿಳಿಯುವುದಿಲ್ಲ. ಊರಲ್ಲಿ ನನ್ನನ್ನು ಹದಿನೆಂಟು ತುಂಬುವ ಮೊದಲೇ ಮದುವೆ ಮಾಡಿಕೊಟ್ಟಿದ್ದರು. ಅವನಿಗೆ ಸೊಲ್ಲಾಪುರದಲ್ಲಿ ಮೊದಲೇ ಹೆಂಡತಿ ಇದ್ದಳು, ಮಕ್ಕಳೂ ಇದ್ದವು. ಗೊತ್ತಾದ ಮರುದಿನ ನಾನು ಗಂಟು ಕಟ್ಟಿಕೊಂಡು ತವರಿಗೆ ಬಂದೆ. ಮೋಸ ಮಾಡಿದವನನ್ನು ಯಾರೂ ಏನೂ ಅನ್ನಲಿಲ್ಲ. ಗಂಡನ ಮನೆ ಬಿಟ್ಟು ಬಂದವಳು ಅಂತ ಹೆಸರು ಬಂದದ್ದು ನನಗೆ. ನೀರಿಗೆ ಹೋದರೂ ಮಾತು, ಅಂಗಡಿಗೆ ಹೋದರೂ ಮಾತು. ಕೊನೆಗೆ ನಮ್ಮಣ್ಣ ನನ್ನನ್ನು ಜೋಗೇಶ್ವರಿಯ ತನ್ನ ಚಾಳಿಗೆ ಕರೆತಂದ. ಇಲ್ಲಿ ಎಲ್ಲರಿಗೂ ನಾನು ಲಗ್ನವಾಗದ ತಂಗಿ.

ಮುಂಬೈಗೆ ಬಂದು ಕೆಲವು ವರ್ಷಗಳಾದ ಮೇಲೆ ಒಂದು ಸಂಬಂಧ ಬಂತು. ಹುಡುಗ ಬಾಗಲಕೋಟೆ ಕಡೆಯವನು, ಬಿಲ್ಡಿಂಗುಗಳ ನೆಲಕ್ಕೆ ಫರಸಿ ಕಲ್ಲು ಹಾಕುವ ಕೆಲಸ. ನಿಧಾನ ಮಾತಿನವನು, ನೋಡಿದ ಕೂಡಲೇ ನನಗೆ ಮನಸ್ಸಾಗಿತ್ತು. ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಇಬ್ಬರೂ ಒಂದೇ ಮಾತು ಹೇಳಿದರು: ಊರಿನದು ಊರಲ್ಲೇ ಬಿಟ್ಟು ಬಂದಿದ್ದೇವೆ, ಬಾಯಿ ಬಿಟ್ಟೀ ಜೋಕೆ. ಹೇಳಿದರೆ ಈ ಮದುವೆ ಮುರಿಯುತ್ತದೆ. ಹೇಳದಿದ್ದರೆ ಸೊಲ್ಲಾಪುರದಿಂದ ಯಾವತ್ತಾದರೂ ಒಬ್ಬ ಬಂದು ಬಾಗಿಲು ಬಡಿಯುತ್ತಾನೆ. ನಾನು ಊಟ ಬಿಟ್ಟೆ.

ಅದೇ ವಾರ ಪುಸ್ತಕದಲ್ಲಿ ನಮ್ಮ ಹುಡುಗಿಯ ಮದುವೆ ಆಯಿತು. ಮದುವೆಯಾದ ದಿನವೇ ಆ ಶಾಣ್ಯಾ ತನ್ನ ಹಳೆಯ ತಪ್ಪೊಂದನ್ನು ಹೇಳಿಕೊಂಡ. ಇವಳು ಕ್ಷಮಿಸಿದಳು. ಅದೇ ನಂಬಿಕೆಯಿಂದ ತನಗಾದದ್ದನ್ನೂ ಹೇಳಿದಳು. ಅವನು ಎದ್ದು, ಅವಳನ್ನು ಬಿಟ್ಟು ಸಮುದ್ರದಾಚೆಯ ದೇಶಕ್ಕೆ ಹೊರಟುಹೋದ. ಅಷ್ಟು ಹೇಳಿ ಅಕ್ಕೋರು ಪಾರ್ಲೆಯಲ್ಲಿ ಇಳಿದರು. ಅವತ್ತು ಡಬ್ಬಿಯಲ್ಲಿ ನಡೆದ ರಂಪ ಹೇಳತೀರದು. ಪಕ್ಕದ ಬೆಂಚಿನ ಗುಜರಾತಿ ಹೆಂಗಸರೂ ಏನಾಯಿತು ಅಂತ ಕೇಳಿ ತಿಳಿದು ಶಾಣ್ಯಾನಿಗೆ ಶಾಪ ಹಾಕಿದರು. ನಾನೊಬ್ಬಳೇ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಮರುದಿನ ಬೆಳಿಗ್ಗೆ ಜೋಗೇಶ್ವರಿ ಪ್ಲಾಟ್‌ಫಾರ್ಮಿನಲ್ಲಿ, ಗಾಡಿ ಬರುವ ಮೊದಲು, ಎಲ್ಲವನ್ನೂ ಅಕ್ಕೋರಿಗೆ ಹೇಳಿಬಿಟ್ಟೆ. ಸೊಲ್ಲಾಪುರ, ಊರವರ ಮಾತು, ಫರಸಿ ಕೆಲಸದ ಹುಡುಗ, ಅಣ್ಣನ ತಾಕೀತು. ಅವರು ಪಾಪ ಅನ್ನಲಿಲ್ಲ. ತಲೆ ಸವರಲಿಲ್ಲ. ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ಕೇಳಿದರು: “ನಿನಗ ಏನ ಬೇಕು?”

ಆ ವಯಸ್ಸಿನವರೆಗೆ ಯಾರೂ ನನಗೆ ಅದನ್ನು ಕೇಳಿರಲಿಲ್ಲ. “ನಮ್ಮ ಹುಡುಗಿದು ಕಡೀಕ ಏನಾಗತೈತಿ ನೋಡಿ ಹೇಳ್ತೀನ್ರಿ” ಅಂದೆ. ಈಗ ಯೋಚಿಸಿದರೆ ನಗು ಬರುತ್ತದೆ. ಇಂಗ್ಲೆಂಡಿನ ಯಾವುದೋ ಕಾಲದ ಹುಡುಗಿಯ ಗತಿ ನೋಡಿಕೊಂಡು ಜೋಗೇಶ್ವರಿಯ ಚಾಳಿನಲ್ಲಿ ಒಬ್ಬಳು ತನ್ನ ಮದುವೆ ತೀರ್ಮಾನಿಸುತ್ತಾಳಂತೆ! ಆದರೆ ನಾನು ಅದನ್ನು ಮನಸಾರೆ ಅಂದಿದ್ದೆ. ಅವಳಿಗೆ ಒಳ್ಳೆಯದಾದರೆ ಹೇಳುವುದು, ಇಲ್ಲವಾದರೆ ಬಾಯಿ ಮುಚ್ಚಿಕೊಂಡು ತಾಳಿ ಕಟ್ಟಿಸಿಕೊಳ್ಳುವುದು. ಅಕ್ಕೋರು ನನ್ನ ಮುಖವನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದಿದ್ದರು, ಅಷ್ಟರಲ್ಲಿ ಗಾಡಿ ಬಂತು.

ಮರುದಿನದಿಂದ ಅವರೇ ಬರಲಿಲ್ಲ. ಪಿತ್ತಕೋಶದಲ್ಲಿ ಕಲ್ಲು, ಆಪರೇಶನ್ ಅಂತ ತಿಳಿಯಿತು. ನಾವು ನೋಡಲು ಹೋದಾಗ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಇತ್ತ ಮಾವಶಿಗೆ ಬೇರೆಯೇ ಚಿಂತೆ. ಪೋಥಿಯನ್ನು ಅರ್ಧಕ್ಕೆ ಬಿಡಬಾರದು, ಬಿಟ್ಟರೆ ಓದಿದವರಿಗೂ ಕೇಡು, ಕೇಳಿದವರಿಗೂ ಕೇಡು. ಅಕ್ಕೋರ ಆಪರೇಶನ್ನಿಗೂ ಅದೇ ಕಾರಣ ಅಂತ ಅವಳ ವಾದ. ಯಾರಾದರೂ ಮುಗಿಸಿ ಮಂಗಳ ಮಾಡಲೇಬೇಕು. ಇಂಗ್ಲಿಷು ಓದಿ ತಿಳಿಯುವವರು ನಮ್ಮಲ್ಲಿ ಯಾರಿದ್ದರು? ಸರಿ, ಇಷ್ಟು ದಿನ ತೀರ್ಪು ಕೊಟ್ಟವರು ನಾವೇ, ಕಥೆಯನ್ನೂ ನಾವೇ ಮುಗಿಸೋಣ ಅಂತಾಯಿತು.

ಎಷ್ಟೋ ದಿನ ಹಿಡಿಯಿತು, ಜಗಳವೂ ಆಯಿತು. ಸಾವ್ಕಾರನ ಮಗನನ್ನು ಪೊಲೀಸರಿಗೆ ಹಿಡಿಸಿದ್ದು ಮಾವಶಿ. ನಮ್ಮ ಹುಡುಗಿಗೆ ಹಾಲು ಕರೆಯುವುದು ಗೊತ್ತಿತ್ತಲ್ಲ, ಜಲಜಕ್ಕ ಅವಳಿಗೆ ಎರಡು ಹಸು ಕೊಡಿಸಿದಳು. “ಕೈಯಲ್ಲಿ ಒಂದು ಕೆಲಸ ಉಂಟಾದ್ರೆ ಅವ ಬಂದರೂ ಸೈ, ಬಾರದಿದ್ರೂ ಸೈ ಮಾರಾಯ್ತಿ” ಅಂದಳು. ಶಾಣ್ಯಾನನ್ನು ವಾಪಸು ಕರೆಸಿದ್ದು ಶಾಹಿದಾ ಆಪಾ, ಆದರೆ ಒಳಗೆ ಬಿಡಲಿಲ್ಲ. ಜ್ವರದಿಂದ ಸೊರಗಿ ಬಂದವನನ್ನು ಹೊಸ್ತಿಲಾಚೆ ನಿಲ್ಲಿಸಿ, ಓಣಿಯೆಲ್ಲ ಕೇಳುವಂತೆ ‘ನನ್ನ ತಪ್ಪು ಇದಕ್ಕಿಂತ ದೊಡ್ಡದು’ ಅನ್ನಿಸಿದಳು. ಅಂದ ಮೇಲೆ ಅವಳು ಅವನನ್ನು ಒಪ್ಪಬೇಕೋ ಬೇಡವೋ? ಅಲ್ಲಿ ಎಲ್ಲರೂ ನನ್ನ ಕಡೆ ನೋಡಿದರು, ಇಷ್ಟು ದಿನ ಸುಮ್ಮನಿದ್ದವಳು ನಾನೊಬ್ಬಳೇ. “ಒಪ್ಪಲಿ. ಆದ್ರ ಆಕಿ ಅವನ ಮನಿಗೆ ಹೋಗೂದ ಬ್ಯಾಡ. ಅಂವ ಆಕಿ ಮನಿಗೆ ಬರ್ಲಿ” ಅಂದೆ. ಅದೇ ಪಾಸಾಯಿತು.

ಅಕ್ಕೋರು ಮತ್ತೆ ಬಂದ ದಿನ ನಮಗೆ ಹಬ್ಬ. ತೆಳ್ಳಗಾಗಿದ್ದರು, ಕೊಡೆಯನ್ನು ನಿಜಕ್ಕೂ ಊರಿಕೊಂಡೇ ಹತ್ತಿದರು. ಮೊದಲ ಸಲ ಮಾವಶಿ ಹಿಡಿದಿಟ್ಟ ಜಾಗದಲ್ಲಿ ಕೂತರು. ಕೂರುವುದನ್ನೇ ಕಾಯುತ್ತಿದ್ದ ಮಾವಶಿ ಅವರ ಕೈಗೆ ಕಲ್ಲುಸಕ್ಕರೆ ಹಾಕಿ, ಪೋಥಿ ಮುಗಿಯಿತು, ಮಂಗಳವೂ ಆಯಿತು ಅಂದಳು. ಒಬ್ಬರಾದ ಮೇಲೊಬ್ಬರು ಕಥೆ ಒಪ್ಪಿಸಿದರು. ಅಂಧೇರಿಯಲ್ಲಿ ಪೊಲೀಸರು ಬಂದರು, ಹಸು ಬಂದವು. ಶಾಣ್ಯಾ ಹೊಸ್ತಿಲಲ್ಲಿ ನಿಲ್ಲುವಷ್ಟರಲ್ಲಿ ಪಾರ್ಲೆ ಬಂತು.

“ಅಕ್ಕೋರೇ, ಪಾರ್ಲೆ” ಅಂದಳು ಜಲಜಕ್ಕ.

ಅವರು ಏಳಲಿಲ್ಲ. ಪ್ಲಾಟ್‌ಫಾರ್ಮಿನ ಕಡೆ ಒಮ್ಮೆ ನೋಡಿ, ಮುಂದುವರಿಸಿ ಅಂತ ಕೈ ಮಾಡಿದರು. ಗಾಡಿ ಬಿಟ್ಟಿತು. ಕಾಲೇಜಿಗೆ ಒಂದು ನಿಮಿಷ ತಡವಾಗದ ಅಕ್ಕೋರು! ಕಥೆ ಮುಗಿದಾಗ ಸಾಂತಾಕ್ರೂಜ್ ದಾಟಿತ್ತು. ಪುಸ್ತಕದಲ್ಲಿ ಹೀಗೇ ಇದೆಯೋ ಇಲ್ಲವೋ ಅಂತ ಮಾವಶಿ ಕೇಳಿದಳು. ಅಕ್ಕೋರು ಕಲ್ಲುಸಕ್ಕರೆಯನ್ನು ಮುಷ್ಟಿಯಲ್ಲೇ ಹಿಡಿದು ಕೂತಿದ್ದರು. ಖಾರ್ ಹೋಯಿತು. ಬಾಂದ್ರಾದಲ್ಲಿ ಜನ ಹತ್ತಿ ಇಳಿದರು. ಅವರು ಮಾವಶಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಹೌದು. ಹಿಂಗ ಐತಿ” ಅಂದರು. ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರು. “ಒಂದ ಮಾತು ಬಿಟ್ಟೀರಿ. ಆಕಿ ಹೇಳಿದ್ದು ತಪ್ಪಲ್ಲ. ತಾಳಿ ಬಿದ್ದ ಮ್ಯಾಲೆ ಹೇಳಿದ್ಲು, ಅದಷ್ಟ ತಪ್ಪು. ಮೊದಲ ಹೇಳಬೇಕಿತ್ತು. ಹೋಗಾಂವ ಆಗ ಹೋಗತಿದ್ದ, ಆಕಿ ತನ್ನ ಹಾದಿ ಹಿಡೀತಿದ್ಲು.”

ಗ್ರಾಂಟ್ ರೋಡಿನ ತನಕ ನಮ್ಮ ಜೊತೆ ಬಂದು, ಅಲ್ಲಿಂದ ತಿರುಗಿ ಪಾರ್ಲೆಗೆ ಹೋದರು. ಕಥೆ ಕೇಳುತ್ತಾ ಅಕ್ಕೋರು ಸ್ಟೇಶನ್ ಮರೆತರು ಅಂತ ನಾವು ತಿಂಗಳುಗಟ್ಟಲೆ ಚೇಷ್ಟೆ ಮಾಡಿದೆವು. ಅವರೂ ನಗುತ್ತಿದ್ದರು.

ಆ ವಾರವೇ ನಾನು ಹುಡುಗನನ್ನು ಗ್ರಾಂಟ್ ರೋಡಿನ ಉಡುಪಿ ಹೋಟೆಲಿಗೆ ಕರೆದೆ, ಮಧ್ಯಾಹ್ನ, ಒಬ್ಬಳೇ. ಅಣ್ಣನಿಗೆ ಹೇಳಲಿಲ್ಲ. ಅಕ್ಕೋರಿಗೆ ಹೇಳಿದ್ದೆ. ಅರ್ಧ ದಿನ ರಜೆ ಹಾಕಿ ಬಂದು ಪಕ್ಕದ ಟೇಬಲಿನಲ್ಲಿ ನಮಗೆ ಬೆನ್ನು ಹಾಕಿ ಕೂತು ಇಡ್ಲಿ ತಿಂದರು. ಅಷ್ಟು ನಿಧಾನವಾಗಿ ಇಡ್ಲಿ ತಿಂದವರನ್ನು ನಾನು ಇಂದಿನವರೆಗೂ ನೋಡಿಲ್ಲ.

ನಾನು ಎಲ್ಲ ಹೇಳಿದೆ. ಅಳಲಿಲ್ಲ. ಅವನು ಚಹಾದ ಕಪ್ಪನ್ನೇ ನೋಡುತ್ತಿದ್ದ, ಮೇಲೆ ಕೆನೆ ಕಟ್ಟುವವರೆಗೆ. ಈಗ ಯಾಕೆ ಹೇಳಿದಿರಿ ಅಂತ ಕೇಳಿದ. “ಹೋಗೂದಿದ್ರ ಈಗ ಹೋಗ್ರಿ. ಆಮ್ಯಾಲೆ ಹೋದ್ರ ನಾ ಕಾಯ್ಕೋತ ಕೂಡಾಕಿ ಅಲ್ಲ” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ನನಗೆ ಏನು ಬೇಕು ಅನ್ನುವುದು ಆ ಗಳಿಗೆಯಲ್ಲಿ ಗೊತ್ತಾಯಿತು. ಅವನು ಬೇಕಿತ್ತು, ಆದರೆ ಹೆದರಿಕೊಂಡು ಬೇಡವಾಗಿತ್ತು.

ಅವನು ತನ್ನ ಕಪ್ಪನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ವೇಟರನ್ನು ಕರೆದ.

“ನಿಮ್ಮ ಚಾ ಆರೇತಿ” ಅಂದ ನನಗೆ. “ಇನ್ನೊಂದು ಹೇಳ್ತೀನಿ.”

ಪಕ್ಕದ ಟೇಬಲಿನಲ್ಲಿ ಅಕ್ಕೋರು ಕೊನೆಯ ಇಡ್ಲಿಯನ್ನು ಒಂದೇ ತುತ್ತಿಗೆ ನುಂಗಿ ಕೈ ತೊಳೆಯಲು ಎದ್ದರು. ಆ ಮದುವೆಗೆ ಈಗ ಇಪ್ಪತ್ತು ವರ್ಷ ದಾಟಿದೆ. ಸೊಲ್ಲಾಪುರದವನು ಒಮ್ಮೆ ಬಂದ ಕೂಡ, ಚಾಳಿನ ಬಾಗಿಲಲ್ಲಿ ನಿಂತು ಎಲ್ಲ ಹೇಳಿಬಿಡುತ್ತೇನೆ ಅಂತ ಹೆದರಿಸಿದ. ಯಜಮಾನರು ಫರಸಿಯ ಸಿಮೆಂಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು, ಗೊತ್ತಿರುವುದನ್ನೇ ಎಷ್ಟು ಸಲ ಕೇಳುವುದು, ನಡಿ ಅಂದರು. ಅವನಿಗೆ ಹೇಳಲು ಬೇರೇನೂ ಉಳಿದಿರಲಿಲ್ಲ.

ಅಕ್ಕೋರು ರಿಟೈರಾಗಿ ಗದಗದಲ್ಲಿ ತಮ್ಮನ ಮನೆಗೆ ಹೋದರು. ಹಬ್ಬಕ್ಕೆ ಫೋನು ಮಾಡುತ್ತಿದ್ದೆ. ನನ್ನ ಮಗಳು ಪಾರ್ಲೆಯ ಕಾಲೇಜಿಗೆ ಸೇರಿ ಇಂಗ್ಲಿಷು ತೆಗೆದುಕೊಂಡಳು ಅಂದಾಗ, ಒಳ್ಳೆಯದಾಯಿತು ಅಂದರು, ಆಮೇಲೆ ಅದೇ ಪುಸ್ತಕ ಇದೆಯೇನು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. “ಇದ್ರ ಕಡೀತನಕ ಓದ್ಲಿ. ಓದಿ ನಿನಗೂ ಹೇಳ್ಲಿ” ಅಂದರು. ಅದೇ ಅವರ ಜೊತೆ ನನ್ನ ಕೊನೆಯ ಮಾತು.

ಮೊನ್ನೆ ಭಾನುವಾರ ಮಗಳು ಆ ಪುಸ್ತಕ ಹಿಡಿದು ಅಡಿಗೆಮನೆಗೆ ಬಂದಳು. “ಮಮ್ಮಿ, ಯೇ ತೋ ತುಮ್ಹಾರಿ ಟ್ರೇನ್‌ವಾಲಿ ಸ್ಟೋರಿ. ಆದ್ರ ಎಂಡಿಂಗ್ ಬ್ಯಾರೇ ಐತಿ” ಅಂದಳು. ಶಾಣ್ಯಾ ವಾಪಸು ಬರುತ್ತಾನಂತೆ, ತಡವಾಗಿ. ಅಷ್ಟರಲ್ಲಿ ಬಡತನಕ್ಕೆ ಸೋತು ನಮ್ಮ ಹುಡುಗಿ ಸಾವ್ಕಾರನ ಮಗನ ಕೈಗೇ ಮತ್ತೆ ಸಿಕ್ಕಿರುತ್ತಾಳಂತೆ. ಅವಳು ಅವನನ್ನು ಕೊಲ್ಲುತ್ತಾಳೆ. ಸರ್ಕಾರ ಅವಳನ್ನು ನೇಣಿಗೆ ಹಾಕುತ್ತದೆ. ಹಸುವಿಲ್ಲ, ಹೊಸ್ತಿಲಿಲ್ಲ, ಏನೂ ಇಲ್ಲ.

ನಾನು ಒಪ್ಪಲಿಲ್ಲ. ಅಕ್ಕೋರು ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುವವರಲ್ಲ ಅಂತ ಜಗಳಕ್ಕೇ ನಿಂತೆ. ಮಗಳು ಕೊನೆಯ ಹಾಳೆ ತೆಗೆದು, ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿ, ಹಿಂದಿ ಕನ್ನಡ ಎರಡೂ ಬೆರೆಸಿ ಅರ್ಥ ಹೇಳಿದಳು. ನಾನು ಒಲೆ ಆರಿಸಿ ಕೂತೆ.

“ಮತಲಬ್ ಅಕ್ಕೋರು ಸುಳ್ಳು ಹೇಳಿದ್ರಾ?” ಮಗಳು ಕೇಳಿದಳು.

ಮಾವಶಿ ಅಷ್ಟು ಅತ್ತರೂ ಒಂದು ಕೂಸನ್ನು ಬದುಕಿಸಲು ಒಪ್ಪದ ಹೆಂಗಸು. ಆ ಹುಡುಗಿಯ ಗತಿಯ ಮೇಲೆ ನಾನು ನನ್ನ ಬಾಳನ್ನು ಕಟ್ಟಿ ಕೂತಿದ್ದೇನೆ ಅಂತ ಆ ಡಬ್ಬಿಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ನನಗೆ ಅಳು ಬಂತು, ತಡೆಯಲಿಲ್ಲ.

“ಇಲ್ಲ” ಅಂದೆ ಮಗಳಿಗೆ. “ಅವರು ಅವತ್ತ ಸ್ಟೇಶನ್ ಮರತಿರಲಿಲ್ಲ. ಪಾರ್ಲೆ ಬಂದದ್ದನ್ನ ನೋಡಿದ್ರು, ನೋಡೇ ನನ್ನ ಸಲುವಾಗಿ ಕೂತ್ರು.”